ಹಸಿರು ಲೈನಿಂಗ್

"ಅಲ್ಲೇ ನಿಂತ್ಕೊಳೋ… ಥೂ, ನಿಂತ್ಕೊಳೇ ಅನ್ಬೇಕಾ? ಏನಂತ ಕರೀಲಿ ನಿನ್ನ? ನಿಮ್ಮಪ್ಪನಿಗೇ ಗೊತ್ತಾಗ್ದೆ ಸತ್ತ!"

ಇಷ್ಟು ಹೇಳಿ ದೊಡ್ಡಗುರುಗಳು ನಕ್ಕರು. ಅವರು ನಕ್ಕರೆ ಮಂದಿರದ ಕಮಿಟಿಯವರೂ ನಗಬೇಕು, ನಕ್ಕರು. ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದ ನನಗೂ ಹಲ್ಲು ಕಿರಿಯುವುದು ಅಭ್ಯಾಸವಾಗಿಬಿಟ್ಟಿದೆ.

ಪ್ರಾರ್ಥನಾ ಮಂದಿರದ ಹಿಂಬಾಗಿಲಿನ ಹೊಸ್ತಿಲಾಚೆ ಟೈಲರಕ್ಕ ನಿಂತಿದ್ದಳು. ಗುರುಗಳ ನಿಲುವಂಗಿ ಹೊಲಿಯುವವಳು ಅವಳೇ. ಊರಲ್ಲಿ ಬೇರೆ ಟೈಲರುಗಳಿಲ್ಲ ಅಂತಲ್ಲ, ಗುರುಗಳ ಹೊಟ್ಟೆಯನ್ನು ಅವಳಷ್ಟು ಚೆನ್ನಾಗಿ ಮರೆಮಾಚುವವರು ಇನ್ನೊಬ್ಬರಿಲ್ಲ. ಆದರೆ ಅಳತೆಗೆಂದು ಅವರ ಮೈ ಮುಟ್ಟುವ ಹಾಗಿಲ್ಲ. ಹಳೆಯ ನಿಲುವಂಗಿಯನ್ನು ಅವಳ ಮುಂದೆ ಎಸೆಯುತ್ತಾರೆ. ಆಮೇಲೆ ಗುರುಗಳು ಎಷ್ಟು ದಪ್ಪಗಾಗಿದ್ದಾರೆ ಅನ್ನುವುದನ್ನು ಅವಳು ದೂರದಿಂದ ಕಣ್ಣಳತೆಯಲ್ಲೇ ತಿಳಿದುಕೊಳ್ಳಬೇಕು.

"ಹೊಸ ಸಭಾಂಗಣ ತೆರೆಯೋ ದಿನಕ್ಕೆ ಬೇಕು. ಒಳಗೆ ತಂಪಾಗಿರೋ ಲೈನಿಂಗ್ ಹಾಕು. ಹೋದ್ಸಲ ಬೆನ್ನೆಲ್ಲಾ ಬೆಂದೋಯ್ತು."

"ಹಾಕ್ತೀನಿ ಗುರುಗಳೇ. ಒಂದು ಮಾತಿತ್ತು. ಆವತ್ತು ನಮ್ಮೋರನ್ನೂ ಒಳಗೆ ಕೂರಿಸ್ಕೊಳ್ಳಿ. ಕಡೇ ಸಾಲಾದ್ರೂ ಸಾಕು."

"ನಿಮ್ಮೋರಂದ್ರೆ ಯಾರು?"

"ವಾರವಾರ ಗೇಟಿನಾಚೆ ನಿಂತು ಪ್ರಾರ್ಥನೆ ಮಾಡ್ತೀವಲ್ಲ, ನಾವೇ. ನೀವು ಕಾವಲುಗಾರನ ಕೈಲಿ ಕೊಳಚೆ ನೀರು ಎರಚಿಸ್ತೀರಲ್ಲ, ನಾವೇ."

ಕಮಿಟಿಯ ಮರದ ಡಿಪೋ ಸಾಹುಕಾರ ಎದ್ದು ಬಂದ. ಹೊಸ ನಿಲುವಂಗಿಗೆಂದು ತಂದಿಟ್ಟಿದ್ದ ಬಿಳಿ ಬಟ್ಟೆಯ ಗಂಟನ್ನು ಕಾಲಿನಿಂದ ಹೊಸ್ತಿಲಾಚೆ ಒದ್ದ. "ಹೆಂಗಸರ ಸಾಲಲ್ಲಿ ಕೂತ್ರೆ ಹೆಂಗಸರು ಎದ್ದೋಗ್ತಾರೆ. ಗಂಡಸರ ಸಾಲಲ್ಲಿ ಕೂತ್ರೆ ಗಂಡಸರು ಎದ್ದೋಗ್ತಾರೆ. ನಾಯಿಗಳಿಗೆ ಅಂತ ಬೇರೆ ಸಾಲು ಮಾಡ್ಸಿಲ್ಲ ಕಣೋ ಇಲ್ಲಿ. ಹೋಗ್, ನಡಿ!"

ಟೈಲರಕ್ಕ ಬಗ್ಗಿ ಗಂಟು ಎತ್ತಿಕೊಂಡು ಧೂಳು ಕೊಡವಿದಳು. "ಗುರುಗಳ ಮೈಮೇಲೆ ಬರೋ ಬಟ್ಟೆ ಸಾಹುಕಾರ್ರೇ. ಒದೆಯೋದಿದ್ರೆ ನನ್ನನ್ನೇ ಒದೀಬಾರ್ದಿತ್ತಾ?"

ಅದಕ್ಕೂ ಅವನು ಹಿಂದೆಮುಂದೆ ನೋಡಲಿಲ್ಲ. ಅವಳು ಕುಂಟುತ್ತಾ ಹೋದಳು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗೋಡೆ ತುಂಬ ಕತ್ತರಿಸಿದ ಕಾಗದದ ಅಳತೆಗಳು. ಸಂಜೆ ಮೇಜು ಗೋಡೆಗೆ ಸರಿಸಿದರೆ ಅದೇ ನಮ್ಮ ಮಂದಿರ. ಮನೆಯವರು ಹೊಡೆದು ಅಟ್ಟಿದ ಹುಡುಗಿಯರು, ಹೆಂಡತಿಗೆ ಹೇಳಲಾಗದ ಗಂಡಸರು, ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾ ಒಂದೇ ಮನೆ ಮಾಡಿಕೊಂಡ ಜೋಡಿ ಹೆಂಗಸರು, ಎಲ್ಲ ಚಿಂದಿ ಬಟ್ಟೆಯ ಮೂಟೆಗಳ ಮೇಲೆ ಒತ್ತಿಕೊಂಡು ಕೂರುತ್ತಿದ್ದರು. ನಾನೂ ಕೂರುತ್ತಿದ್ದೆ. ಯಾಕೆ ಅಂತ ಟೈಲರಕ್ಕ ಕೇಳಲಿಲ್ಲ. ಮೊದಲ ದಿನವೇ, "ಬಾ ತಮ್ಮ, ಕಾಲು ಒರೆಸ್ಕೊಂಡು ಬಾ," ಅಂದಳು. ಹಾಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಮಂದಿರದಲ್ಲಿ ನನ್ನ ಹೆಸರು 'ಲೇ' ಅಂತ.

ಒಮ್ಮೆ ಕೇಳಿದೆ. "ಇಷ್ಟೆಲ್ಲ ಉಗಿಸ್ಕೊಂಡೂ ಅಲ್ಲಿಗೇ ಯಾಕಕ್ಕಾ ಹೋಗ್ಬೇಕು? ದೇವರು ಇಲ್ಲೂ ಇದಾನಲ್ಲ."

"ಇದಾನೆ. ಅದಕ್ಕೇ ಹೋಗೋದು. ನಮ್ಮನೆ ಯಜಮಾನನ್ನ ಒಳಗೆ ಕೂಡಿಹಾಕ್ಕೊಂಡು, ಸಿಗಲ್ಲ ಹೋಗು ಅಂದ್ರೆ ಸುಮ್ನೆ ಬರ್ತೀಯಾ?" ಅಂದು ಹಲ್ಲಿನಲ್ಲಿ ದಾರ ಕಡಿದಳು.

ನಮ್ಮ ಪ್ರಾರ್ಥನೆಗೆ ಹಾಡುತ್ತಿದ್ದವಳು ಕೋಗಿಲೆ. ಗಂಡು ಹುಡುಗನೆಂದು ಮಂದಿರದ ಹಾಡಿನ ಗುಂಪಿನಲ್ಲಿ ಬೆಳೆದವಳು. ಒಂದು ದಿನ ಲಂಗ ತೊಟ್ಟು ಬಂದಳೆಂದು ಅವಳನ್ನು ಕೂದಲು ಹಿಡಿದು ಎಳೆದು ಹೊರಗೆ ಹಾಕಿದರು. ಎಳೆದವನು ಅವಳ ಸ್ವಂತ ಅಣ್ಣ, ಈ ಡಿಪೋ ಸಾಹುಕಾರನೇ. ಟೈಲರಕ್ಕ ಅವಳಿಗೊಂದು ಹಸಿರು ರೇಷ್ಮೆ ಗೌನು ಹೊಲಿದುಕೊಟ್ಟಿದ್ದಳು. ಅದನ್ನು ತೊಟ್ಟು ಇಸ್ತ್ರಿ ಮೇಜಿನ ಪಕ್ಕ ನಿಂತು ಕೋಗಿಲೆ ಹಾಡಿದರೆ, ಓಣಿಯಲ್ಲಿ ಬೈದುಕೊಂಡು ಹೋಗುವವರೂ ಒಂದು ಗಳಿಗೆ ಬಾಯಿ ಮುಚ್ಚುತ್ತಿದ್ದರು.

ಸಭಾಂಗಣ ತೆರೆಯುವ ಮೊದಲೇ ಅವಳಿಗೆ ಎದೆಯ ಕಾಯಿಲೆ ಬಂತು. ಸಾಯುವಾಗ ಟೈಲರಕ್ಕನ ಕೈ ಹಿಡಿದು ಎರಡೇ ಮಾತು ಕೇಳಿದಳು: "ಅಮ್ಮನ ಪಕ್ಕದಲ್ಲಿ ಮಲಗ್ಸಕ್ಕಾ. ಗುರುಗಳ ಬಾಯಿಂದ ಕೊನೇ ಪ್ರಾರ್ಥನೆ ಮಾಡ್ಸು." ಟೈಲರಕ್ಕ ಆಗಲಿ ಅಂದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ಹೆಣಕ್ಕೆ ಅದೇ ಹಸಿರು ಗೌನು ತೊಡಿಸಿ ತಳ್ಳುಗಾಡಿಯಲ್ಲಿ ಮಂದಿರದ ಅಂಗಳಕ್ಕೆ ತಂದೆವು. ಅವಳ ಅಮ್ಮನನ್ನು ಹೂತಿರುವ ಸ್ಮಶಾನ ಮಂದಿರದ ಹಿಂದೆಯೇ ಇದೆ. ಗುರುಗಳು ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲ ಮೇಲೆ ನಿಂತರು.

"ಗಂಡಾಗಿ ಹುಟ್ಟಿದ್ದು ಗಂಡಾಗೇ ಮಣ್ಣಿಗೆ ಹೋಗ್ಬೇಕು. ಆ ವೇಷ ತೆಗೀರಿ. ಆಮೇಲೆ ಪ್ರಾರ್ಥನೆ."

"ನನ್ನ ಹೆಣ ಬಿದ್ರೂ ತೆಗೆಯಲ್ಲ," ಅಂದಳು ಟೈಲರಕ್ಕ.

"ಹಂಗಾದ್ರೆ ತಿಪ್ಪೆಗೆ ಎಸಿ. ನಾಯಿ ತಿನ್ಲಿ."

ಟೈಲರಕ್ಕ ಕೋಗಿಲೆಯ ಮುಖ ನೋಡಿದಳು. ಆಮೇಲೆ ಸ್ಮಶಾನದ ಗೋಡೆ ನೋಡಿದಳು. ಕೋಗಿಲೆಯಷ್ಟೇ ವಯಸ್ಸಿನ ಕಮಿಟಿಯವನೊಬ್ಬ ಗೌನಿಗೆ ಕೈ ಹಾಕಲು ಹೋದ. ಗುರುಗಳು ತಡೆದರು.

"ನೀವ್ಯಾಕೆ ಮೈಲಿಗೆ ಆಗ್ತೀರಿ? ಹೊಲಿದೋಳು ಬಿಚ್ಲಿ. ಎಲ್ರೂ ನೋಡ್ಲಿ."

ಅವಳು ಬಿಚ್ಚಿದಳು. ಕತ್ತರಿ ಕೊಟ್ಟರೆ ಬೇಡವೆಂದಳು. ಸೊಂಟದಲ್ಲಿದ್ದ ಸೂಜಿ ತೆಗೆದು ಒಂದೊಂದೇ ಹೊಲಿಗೆ ಕಿತ್ತಳು. ಅಂಗಳದಲ್ಲಿ ಜನ ಸೇರಿದ್ದರು. ಬೆತ್ತಲೆ ಮೈ ಕಂಡಾಗ ಯಾರೋ ಶಿಳ್ಳೆ ಹೊಡೆದ. ಸಾಹುಕಾರ ಜೋರಾಗಿ, "ನೋಡ್ರೋ, ಗಂಡಸೇ!" ಅಂದ, ಪಂದ್ಯ ಗೆದ್ದವನ ಹಾಗೆ. ಸತ್ತವಳು ಅವನ ಒಡಹುಟ್ಟು. ಆಮೇಲೆ ತನ್ನ ಹಳೆಯ ಪ್ಯಾಂಟು ಶರಟು ಎಸೆದು, ನಮ್ಮ ಕೈಯಿಂದಲೇ ತೊಡಿಸಿ, ಅವಳ ಕೂದಲನ್ನೂ ಕತ್ತರಿಸಿಹಾಕಿಸಿದ.

ಇಷ್ಟೆಲ್ಲ ಆದಮೇಲೆ ಗುರುಗಳು ಕೈ ತೊಳೆದುಕೊಂಡರು. "ಇವತ್ತು ನನಗೆ ಮೈ ಸರಿಯಿಲ್ಲ. ಪ್ರಾರ್ಥನೆ ಆಗಲ್ಲ. ಗೋಡೆಯಾಚೆ ಹೂತ್ಕೊಳಿ."

ಗೋಡೆಯಾಚೆ ಮಂದಿರದ ಕಸ ಸುಡುವ ಜಾಗ. ಗುಂಡಿ ತೋಡಿದವನು ನಾನು. ಸನಿಕೆಗೆ ಬಾಟಲಿ ಚೂರುಗಳೇ ಸಿಗುತ್ತಿದ್ದವು. ಟೈಲರಕ್ಕ ಅಳಲಿಲ್ಲ. ಬಿಚ್ಚಿದ ಹಸಿರು ರೇಷ್ಮೆಯ ತುಂಡುಗಳನ್ನು ಒಂದರ ಮೇಲೊಂದು ಮಡಚಿ ಎದೆಗೆ ಒತ್ತಿಕೊಂಡು ಕೂತಿದ್ದಳು. ನನಗಂತೂ ಅವತ್ತು ಆ ಮಂದಿರಕ್ಕೆ ಬೆಂಕಿ ಇಡುವಷ್ಟು ರೋಷ ಬಂದಿತ್ತು.

ಸಭಾಂಗಣ ತೆರೆಯುವ ದಿನ ಬೆಳಿಗ್ಗೆ ಹೊಸ ನಿಲುವಂಗಿ ಬಂತು. ನಮ್ಮ ಮಂದಿರದ ನಿಲುವಂಗಿಗೆ ಗುಂಡಿಗಳೆಲ್ಲ ಬೆನ್ನಿಗೆ. ಗುರು ತನ್ನ ಕೈಯಾರೆ ಅದನ್ನು ತೊಡಬಾರದು, ಬಿಚ್ಚಬಾರದು. ಅದು ದೇವರೇ ತೊಡಿಸುವ ಬಟ್ಟೆಯಂತೆ. ದೇವರ ಪರವಾಗಿ ಗುಂಡಿ ಹಾಕುವವನು ನಾನು. ಕಕ್ಕಸು ತೊಳೆಯುವವನೂ ನಾನೇ, ಅದು ಯಾರ ಪರವಾಗಿಯೋ ಗೊತ್ತಿಲ್ಲ.

ತೊಡಿಸಲು ಬಿಡಿಸಿದೆ. ಒಳಗೆಲ್ಲ ಹಸಿರು. ಬೆನ್ನಿಗೆ, ಎದೆಗೆ, ತೋಳಿಗೆ, ಕೋಗಿಲೆಯ ಗೌನಿನ ರೇಷ್ಮೆ. ಹೊರಗೆ ಒಂದು ಎಳೆಯೂ ಕಾಣದ ಹಾಗೆ ಹೊಲಿದಿದ್ದಳು. ಬೆರಳಿನಿಂದ ಸವರಿ ನೋಡಿದೆ. ಗುರುಗಳು ಕಣ್ಣು ಮುಚ್ಚಿ ಕೈ ಚಾಚಿ ನಿಂತಿದ್ದರು.

"ಲೇ, ನಿದ್ದೆ ಹೊಡೀತಿದೀಯೇನೋ?"

ತೊಡಿಸಿದೆ. ಕತ್ತಿನಿಂದ ಸೊಂಟದವರೆಗೆ ಒಂದೊಂದೇ ಗುಂಡಿ ಹಾಕಿದೆ. ಗುರುಗಳು ಭುಜ ಕುಣಿಸಿ ನೋಡಿದರು. "ಆಹಾ, ತಣ್ಣಗಿದೆ ಕಣೋ. ಎಷ್ಟಾದ್ರೂ ಆ ದರಿದ್ರದ್ದು ಕೈ ಮಾತ್ರ ಒಳ್ಳೇದು."

ಸಭಾಂಗಣ ಕಿಕ್ಕಿರಿದಿತ್ತು. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಪಕ್ಕದ ಬಾಗಿಲು ತೆಗೆದಿಟ್ಟೆ. ನಮ್ಮವರು ಜನರ ಮರೆಯಲ್ಲಿ ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಗುರುಗಳು ಮೈಲಿಗೆಯ ಬಗ್ಗೆ ಉದ್ದಕ್ಕೆ ಮಾತಾಡಿದರು. ಕೊನೆಗೆ, ದೊಡ್ಡ ದಿನಗಳ ವಾಡಿಕೆಯಂತೆ, ಕೈ ಎರಡೂ ಮೇಲೆತ್ತಿ ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಶುರುಮಾಡಿದರು. ದೇವರು ಅವರನ್ನು ಹೆಸರು ಹಿಡಿದು ಕರೆಯಲಿ, ಮಡಿಲಲ್ಲಿ ಮಲಗಿಸಿಕೊಳ್ಳಲಿ. ಟೈಲರಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಮುಗಿದ ಮೇಲೆ ನಡುವಿನ ದಾರಿಯಲ್ಲಿ ಕುಂಟುತ್ತಾ ಮುಂದೆ ನಡೆದಳು.

"ಉಪಕಾರ ಆಯ್ತು ಗುರುಗಳೇ. ಕೋಗಿಲೆಗೆ ನಿಮ್ಮ ಬಾಯಿಂದ್ಲೇ ಪ್ರಾರ್ಥನೆ ಆಯ್ತು. ಅವಳೂ ಒಳಗೇ ಇದಾಳೆ. ತೋಳು ಮಡಚಿ ನೋಡಿ."

ಗುರುಗಳು ತೋಳಿನ ಅಂಚು ಹೊರಳಿಸಿದರು. ಹಸಿರು ಕಂಡಿತು. ಮೊದಲು ಗುರುತು ಹಿಡಿದವನು ಸಾಹುಕಾರ. "ಅವನ ಹೆಣದ ಮೇಲಿದ್ದ ಬಟ್ಟೆ!" ಎಂದು ಕಿರುಚಿದ. ಮುಂದಿನ ಸಾಲು ಧಡಕ್ಕನೆ ಹಿಂದೆ ಸರಿಯಿತು.

"ಹೊಲಿದೋಳು ಬಿಚ್ಲಿ ಅಂದ್ರಲ್ಲ? ಕರೀರಿ, ಬರ್ತೀನಿ. ಎಲ್ರೂ ನೋಡ್ಲಿ," ಅಂದಳು ಟೈಲರಕ್ಕ.

"ಸೂಳೇಮಗನೇ!" ಅಂದು ಸಾಹುಕಾರ ಹಿತ್ತಾಳೆಯ ದೀಪದ ಕಂಬ ಕಿತ್ತು ಬೀಸಿದ. ಅವಳು ಅಡ್ಡ ಹಿಡಿದ ಬಲಗೈಯ ಬೆರಳುಗಳು ಲಟಕ್ಕೆಂದದ್ದು ನನಗೆ ಕೇಳಿಸಿತು. ಹೊಲಿಯುವ ಕೈ ಅದು. ಅವಳು ನೆಲಕ್ಕೆ ಕುಸಿದಳು. ನಮ್ಮವರು ಓಡಿಬಂದು ಅವಳ ಮೇಲೆ ಬಿದ್ದು ಏಟು ತಿಂದರು.

ವೇದಿಕೆಯ ಮೇಲೆ ಗುರುಗಳು ಮೈಯಲ್ಲಿ ಚೇಳು ಬಿಟ್ಟವರಂತೆ ಒದ್ದಾಡುತ್ತಿದ್ದರು. "ತೆಗೀರೋ! ಯಾರಾದ್ರೂ ತೆಗೀರೋ ಇದನ್ನ!" ಕಮಿಟಿಯವರು ಒಬ್ಬೊಬ್ಬರೇ ಹಿಂದಕ್ಕೆ ಸರಿದರು. ಹೆಣದ ಬಟ್ಟೆ, ಅದೂ ಅಂಥವಳದು. ಮುಟ್ಟಿದವರನ್ನು ಹೊರಗೆ ಹಾಕಬೇಕೆಂದು ಈಗಷ್ಟೇ ಗುರುಗಳೇ ಹೇಳಿದ್ದರಲ್ಲ.

ಅವರ ಕಣ್ಣು ವೇದಿಕೆಯ ಅಂಚಿನಲ್ಲಿದ್ದ ನನ್ನ ಮೇಲೆ ಬಿತ್ತು. "ಲೇ! ಬಿಚ್ಚೋ! ಬಾರೋ ಬೇಗ, ಬಿಚ್ಚೋ!"

ನಾನು ಬೀಗದ ಕೈ ಗೊಂಚಲನ್ನು ಅವರ ಕಾಲ ಬಳಿ ಎಸೆದೆ. ಇಳಿದು ಹೋಗಿ ನಮ್ಮವರ ನಡುವೆ ಕೂತೆ. ಟೈಲರಕ್ಕನ ಒಡೆದ ಕೈಯನ್ನು ನನ್ನ ಮಡಿಲಿಗೆ ಎತ್ತಿಕೊಂಡೆ.

"ನಾನೂ ಇವಳ ಕಡೆಯೋನೇ ಗುರುಗಳೇ," ಅಂದೆ. "ಮುಟ್ಟಿದ್ರೆ ನಿಮಗೆ ಮೈಲಿಗೆ."

ಸಾಹುಕಾರ ದೀಪದ ಕಂಬವನ್ನು ಮತ್ತೆ ಎತ್ತಿಕೊಂಡು ನನ್ನ ಕಡೆ ತಿರುಗಿದ. ಅವನ ಹಿಂದೆ, ಎತ್ತರದ ಮೇಲೆ, ದೊಡ್ಡಗುರುಗಳು ಎರಡೂ ಕೈಗಳನ್ನು ಬೆನ್ನಿಗೆ ತಿರುಚಿ ತಡಕಾಡುತ್ತಿದ್ದರು. ಒಂದು ಗುಂಡಿಯೂ ಅವರಿಗೆ ಎಟುಕುತ್ತಿರಲಿಲ್ಲ.