ಒಳಗೆ ಬಿಟ್ಟ ಬಟ್ಟೆ

ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯಲ್ಲಿ ಮೊದಲು ಕೇಳುತ್ತಿದ್ದ ಸದ್ದು ಇವರ ಏದುಸಿರು. ನಾನು ಹೊಲಿಗೆ ಮಿಷನ್ನು ಇಟ್ಟುಕೊಂಡಿರುವ ಮುಂದಿನ ಕೋಣೆಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ, ಚಾಪೆ ಹಾಸಿಕೊಂಡು ಏಳುವುದು, ಮಲಗುವುದು, ಮತ್ತೆ ಏಳುವುದು. ಹೀಗೆ ಅರವತ್ತು ಸಲ. ಆಮೇಲೆ ಅಂಗಿ ಎತ್ತಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ಹೊಕ್ಕುಳ ಮೇಲೆ ಟೇಪು ಸುತ್ತಿ ನಂಬರು ಹೇಳಬೇಕು. ನಲವತ್ತೆಂಟು ವರ್ಷದ ಗಂಡಸು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು.

"ಉಸಿರು ಬಿಡ್ರೀ. ಇದೇನು ಪೊಲೀಸ್ ಭರ್ತಿನಾ?" ಎಂದು ಗದರುತ್ತಿದ್ದೆ.

ಇದಕ್ಕೆಲ್ಲ ಕಾರಣ ಒಂದು ಮಾತು. ಇವರು ಲಿಫ್ಟ್ ರಿಪೇರಿ ಮಾಡುವವರು. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಹತ್ತಿ, ಗೋಡೆಗೂ ಕಬ್ಬಿಣದ ಕಂಬಿಗೂ ನಡುವಿನ ಸಂದಿಯಲ್ಲಿ ಮೈ ತೂರಿಸಿ, ಗ್ರೀಸು ಹಚ್ಚಿ ಬೋಲ್ಟು ಬಿಗಿದು ಬರುವುದು ಇಪ್ಪತ್ತೈದು ವರ್ಷದ ಕಸುಬು. ಹೊಸದಾಗಿ ಬಂದ ಸೂಪರ್‌ವೈಸರ್ ಎಲ್ಲರ ಎದುರು, "ಅಣ್ಣಾ, ನಿಮ್ಮನ್ನ ಮೇಲೆ ಕಳಿಸೋಕೆ ಇನ್ನೊಂದು ಲಿಫ್ಟ್ ಬೇಕಾಗುತ್ತೆ. ವರ್ಷದ ಕೊನೆಗೆ ಈ ಹೊಟ್ಟೆ ಇಳೀಲಿಲ್ಲ ಅಂದ್ರೆ ಫೋನ್ ಎತ್ತೋ ಕುರ್ಚಿಗೆ ಹಾಕ್ತೀನಿ" ಎಂದನಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇವರೂ ನಕ್ಕರಂತೆ. ಮನೆಗೆ ಬಂದವರು ತಟ್ಟೆ ತಳ್ಳಿ ಕೂತರು.

"ಇಳಿಸೋದಷ್ಟೇ ಅಲ್ಲ. ಸಿಕ್ಸ್ ಪ್ಯಾಕ್ ತರ್ತೀನಿ. ಅವನ ಎದುರಿಗೆ ಅಂಗಿ ಬಿಚ್ಚಿ ನಿಲ್ತೀನಿ ನೋಡ್ತಿರು."

"ಅಪ್ಪಾ, ನಿಂದು ಫ್ಯಾಮಿಲಿ ಪ್ಯಾಕು" ಎಂದು ಕಾಲೇಜಿಗೆ ಹೋಗುವ ಮಗಳು ನಕ್ಕಳು. ಇವರು ನಗಲಿಲ್ಲ. ಕುರ್ಚಿಯ ಮಾತು ಎಲ್ಲೋ ಆಳಕ್ಕೆ ನಾಟಿತ್ತು. ಕೈಗೆ ಗ್ರೀಸು ಹತ್ತದ ದಿನ ತಾನು ಯಾರೂ ಅಲ್ಲ ಎಂದುಕೊಂಡಿದ್ದ ಮನುಷ್ಯ.

ಮೊದಲ ತಿಂಗಳು ನಲವತ್ತು ಇಂಚು ಮೂವತ್ತೊಂಬತ್ತಕ್ಕೆ ಇಳಿಯಿತು. ಬೇಯಿಸಿದ ತರಕಾರಿ, ಮೊಟ್ಟೆಯ ಬಿಳಿ, ಸಕ್ಕರೆಯಿಲ್ಲದ ಚಹಾ. ಫೋನಿನಲ್ಲಿ ಒಬ್ಬ ಕಟ್ಟುಮಸ್ತಾದ ಆಸಾಮಿ ದಿನಾ ಪಾಠ ಹೇಳುತ್ತಿದ್ದ. ಕೈ, ಕುತ್ತಿಗೆ, ತೊಡೆ ಎಲ್ಲ ಮೊದಲು ಕರಗುತ್ತವೆ, ಹೊಟ್ಟೆಯ ಕೊಬ್ಬು ಹಠಮಾರಿ, ಅದು ಎಲ್ಲಕ್ಕಿಂತ ಕೊನೆಗೆ ಹೋಗುವುದು, ಧೈರ್ಯಗೆಡಬೇಡಿ ಎನ್ನುತ್ತಿದ್ದ. ನಾನು ಕಾಜ ಹೊಲಿಯುತ್ತಾ ಅವನ ಮಾತು ಕೇಳಿ ಕೇಳಿ ಬಾಯಿಪಾಠ ಮಾಡಿಬಿಟ್ಟಿದ್ದೆ.

ಎರಡನೆಯ ತಿಂಗಳು ಟೇಪು ಮೂವತ್ತೊಂಬತ್ತೂವರೆ ತೋರಿಸಿತು. ಇವರ ಮುಖ ನೋಡಿದೆ. ಅರವತ್ತು ಸಲ ಎದ್ದು ಮಲಗಿದ ಬೆವರು ಇನ್ನೂ ಆರಿರಲಿಲ್ಲ. ಬಾಯಿಂದ ತಾನಾಗಿ ಬಂತು: "ಮೂವತ್ತೆಂಟೂವರೆ."

ಇದು ನಮ್ಮ ಕಸುಬಿನ ಗುಣ. ನಮ್ಮಪ್ಪನೂ ಟೈಲರ್. ಕತ್ತರಿ ಹಿಡಿಯುವುದಕ್ಕಿಂತ ಮೊದಲು ಅವರು ನನಗೆ ಕಲಿಸಿದ ಪಾಠ, ಅಳತೆ ಪುಸ್ತಕಕ್ಕೆ ನಿಜ, ಗಿರಾಕಿಗೆ ಸಮಾಧಾನ ಎಂಬುದು. ಪ್ಯಾಂಟಿನ ಹಿಂಬದಿಯ ಹೊಲಿಗೆಯ ಒಳಗೆ ಒಂದೆರಡು ಇಂಚು ಹೆಚ್ಚಿನ ಬಟ್ಟೆ ಬಿಟ್ಟಿರುತ್ತೇವೆ. ಗಿರಾಕಿ ದಪ್ಪಗಾಗಿ ಬಂದರೆ, "ಹೋದ ಸಲದಷ್ಟೇ ಇದೆ ಸಾರ್, ಬಟ್ಟೆ ಒಂಚೂರು ಕುಗ್ಗಿದೆ ಅಷ್ಟೇ" ಎಂದು ಹೇಳಿ, ಆ ಬಟ್ಟೆ ಬಿಡಿಸಿ, ಇಸ್ತ್ರಿ ಹೊಡೆದು ಕೊಟ್ಟರೆ ಆಯಿತು. ಅವರೂ ಖುಷಿ, ನಾವೂ ಖುಷಿ. ಎಷ್ಟು ಗಂಡಸರ ಮಾನ ನನ್ನ ಸೂಜಿಯ ಮೊನೆಯಲ್ಲಿ ಉಳಿದಿದೆಯೋ ಲೆಕ್ಕವಿಲ್ಲ.

ಗಂಡನ ವಿಷಯದಲ್ಲೂ ಅದನ್ನೇ ಮಾಡಿದೆ. ಬಾಯಲ್ಲಿ ಮೂವತ್ತೆಂಟು ಎಂದ ದಿನ ಪುಸ್ತಕದಲ್ಲಿ ನಲವತ್ತೊಂದು ಬರೆದೆ. ಇವರು ಸ್ನಾನಕ್ಕೆ ಹೋದಾಗ ಕೆಲಸದ ಪ್ಯಾಂಟು ತಂದು ಅರ್ಧ ಇಂಚು ಬಿಡಿಸಿ ಕೊಕ್ಕೆಗೆ ಹಾಕುತ್ತಿದ್ದೆ. ಇವರು ಅದನ್ನು ತೊಟ್ಟು, "ನೋಡು, ಸಡಿಲ ಆಗಿದೆ" ಎನ್ನುತ್ತಿದ್ದರು. ನಾನು ಮಿಷನ್ನಿನ ಕಡೆ ಮುಖ ತಿರುಗಿಸಿ ಹೂಂಗುಡುತ್ತಿದ್ದೆ. ಸಮಾಧಾನ ಮಾತ್ರ ಇರಲಿಲ್ಲ.

ಯಾಕೆಂದರೆ ನನ್ನ ಕಣ್ಣು ಟೈಲರ್ ಕಣ್ಣು. ಅಂಗಿಯ ಹೆಗಲು ಇಂಚಿನಷ್ಟು ಕೆಳಗೆ ಜೋತು ಬಿದ್ದಿತ್ತು. ಕಾಲರಿನೊಳಗೆ ಎರಡು ಬೆರಳು ಹೋಗುತ್ತಿದ್ದ ಕಡೆ ಈಗ ಮೂರು ಹೋಗುತ್ತಿದ್ದವು. ತೊಡೆಯ ಬಳಿ ಬಟ್ಟೆ ಜೋಲುಜೋಲು. ನಡುವಿನ ಗುಂಡಿ ಮಾತ್ರ ದಾರ ಕಿತ್ತುಕೊಳ್ಳುವ ಹಾಗೆ ಎಳೆಯುತ್ತಿತ್ತು. ಟೇಪು ಹಿಡಿಯುವಾಗ ಮೊದಲೆಲ್ಲ ಹೊಕ್ಕುಳ ಗುಳಿಯಲ್ಲಿ ನನ್ನ ಬೆರಳ ತುದಿ ಕೂರುತ್ತಿತ್ತು. ಆ ಗುಳಿ ಮೊದಲು ಸಮನಾಯಿತು, ಆಮೇಲೆ ಒಂದು ಗುಂಡಿಯಂತೆ ಹೊರಗೆ ಬಂತು. ನೋಡಲಿಲ್ಲ ಎನ್ನಲಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೇಕಿದ್ದುದು ಹೇಳುವ ಬಾಯಿ. ಕೊಬ್ಬು ಹಠಮಾರಿ, ಕೊನೆಗೆ ಹೋಗುತ್ತದೆ ಎಂದು ಆ ಫೋನಿನವನ ಮಾತನ್ನೇ ಮಂತ್ರದ ಹಾಗೆ ಜಪಿಸಿಕೊಂಡೆ.

ಒಂದು ಬೆಳಿಗ್ಗೆ ಇವರು ಕನ್ನಡಿಯ ಮುಂದಿನಿಂದ ಕೂಗಿದರು. "ಏ, ಬಾ ಇಲ್ಲಿ! ನರ ಕಾಣ್ತಿದೆ ನೋಡೇ!"

ಹೋಗಿ ನೋಡಿದೆ. ಹೊಕ್ಕುಳ ಸುತ್ತ, ಬಿಗಿದ ಚರ್ಮದ ಕೆಳಗೆ, ನೀಲಿ ನರಗಳು ಅಂಕುಡೊಂಕಾಗಿ ಹರಡಿದ್ದವು. "ನರ ಕಂಡ್ರೆ ಕೊಬ್ಬು ಕರಗಿದೆ ಅಂತ ಅರ್ಥ. ಅವನೇ ಹೇಳಿದಾನೆ. ಇನ್ನೇನು, ಕೆಳಗಿಂದ ಪ್ಯಾಕು ಬರೋದೊಂದೇ ಬಾಕಿ" ಎಂದರು. ಕಣ್ಣಲ್ಲಿ ಸಂತೋಷ. ಆದರೆ ಆ ಕಣ್ಣಿನ ಬಿಳಿ ಹಳದಿಗೆ ತಿರುಗಿದ ಹಾಗಿತ್ತು. ಕಿಟಕಿಯ ಪರದೆಯ ಬಣ್ಣ ಬಿದ್ದಿರಬೇಕು ಎಂದುಕೊಂಡೆ. ನಮ್ಮ ಪರದೆ ಬಿಳಿ.

ಅದೇ ವಾರ ಮಗಳು ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದಳು. "ಅಮ್ಮಾ, ಅಪ್ಪನ ಕಾಲು ನೋಡಿದ್ಯಾ? ಸಾಕ್ಸ್ ಬಿಚ್ಚಿದ ಮೇಲೆ ಬರೆ ಬಿದ್ದಿರುತ್ತೆ. ಬೆರಳಲ್ಲಿ ಒತ್ತಿದ್ರೆ ಗುಳಿ ಹಾಗೇ ಉಳಿಯುತ್ತೆ. ಅದು ಸರಿ ಇಲ್ಲಮ್ಮಾ."

"ದಿನವಿಡೀ ನಿಂತು ಕೆಲಸ ಮಾಡ್ತಾರಲ್ಲ, ಅದಕ್ಕೆ" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅವಳಿಗೆ ಬೆನ್ನು ಹಾಕಿ ಮಿಷನ್ನಿನ ಬಳಿ ಬಂದು ಕೂತೆ. ಇವರ ಪ್ಯಾಂಟು ತೆಗೆದುಕೊಂಡು ಹಿಂಬದಿ ತಿರುಗಿಸಿದೆ. ಹೊಲಿಗೆಯ ಪಕ್ಕ ದಾರ ಸುತ್ತಿದ ಅಂಚು ಬಿಟ್ಟರೆ ಏನೂ ಇಲ್ಲ. ಇನ್ನೊಂದು ಪ್ಯಾಂಟು ತೆಗೆದೆ. ಅದೂ ಅಷ್ಟೇ. ನಾಲ್ಕರಲ್ಲೂ ಬಿಡಿಸಲು ಇನ್ನು ಬಟ್ಟೆ ಉಳಿದಿರಲಿಲ್ಲ. ಅಳತೆ ಪುಸ್ತಕ ತೆರೆದೆ. ನಲವತ್ತಮೂರೂವರೆ.

ಡಾಕ್ಟರ ಹತ್ತಿರ ಹೋಗೋಣ ಎಂದಾಗ ಇವರು ಜಗಳವಾಡಲಿಲ್ಲ. "ಒಳ್ಳೇದೇ ಆಯ್ತು. ಫಿಟ್ ಅಂತ ಬರೆಸ್ಕೊಂಡು ಆ ಸೂಪರ್‌ವೈಸರ್ ಮೂಗಿಗೆ ಹಿಡೀತೀನಿ" ಎಂದರು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತರು.

ಡಾಕ್ಟರಮ್ಮ ಇವರನ್ನು ಮಲಗಿಸಿ, ಹೊಟ್ಟೆಯ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿಂದ ತಟ್ಟಿದರು. ಮಗ್ಗುಲಾಗಿಸಿ ಮತ್ತೆ ತಟ್ಟಿದರು. ರೆಪ್ಪೆ ಎಳೆದು ಕಣ್ಣು ನೋಡಿದರು. ಕುಡಿತ ಇದೆಯಾ ಎಂದು ಕೇಳಿದರು. ಒಂದು ಹನಿಯೂ ಇಲ್ಲ ಎಂದೆ. ಅದು ನಿಜ.

"ಹೊಟ್ಟೆ ಯಾವಾಗಿಂದ ಹೀಗೆ ದೊಡ್ಡದಾಗ್ತಿದೆ?"

"ದೊಡ್ಡದಾಗ್ತಿಲ್ಲ ಡಾಕ್ಟ್ರೇ, ಇಳೀತಿದೆ" ಎಂದು ಇವರು ಮಲಗಿದ್ದಲ್ಲಿಂದಲೇ ಹೇಳಿದರು. "ನಲವತ್ತಿತ್ತು. ಈಗ ಮೂವತ್ತೇಳು. ಇವಳೇ ಅಳೆಯೋದು. ಟೈಲರ್ ಇವಳು, ಕಾಲು ಇಂಚೂ ತಪ್ಪಲ್ಲ."

ಡಾಕ್ಟರಮ್ಮ ಪೆನ್ನು ಹಿಡಿದು ನನ್ನ ಕಡೆ ನೋಡಿದರು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ನನ್ನ ಬಳಿ ನೂರೊಂದನೆಯದು ಇರಲಿಲ್ಲ.

"ಸುಳ್ಳು ಹೇಳಿದೆ ಡಾಕ್ಟ್ರೇ. ನಾಲ್ಕು ತಿಂಗಳಿಂದ ಏರ್ತಾನೇ ಇದೆ. ಇವತ್ತು ನಲವತ್ತಮೂರೂವರೆ. ಇವರು ಬೇಜಾರು ಮಾಡ್ಕೋತಾರೆ ಅಂತ ಕಮ್ಮಿ ಹೇಳ್ತಿದ್ದೆ. ಪ್ಯಾಂಟೂ ನಾನೇ ಬಿಡಿಸ್ತಿದ್ದೆ."

ಇವರು ಬೈಯಬೇಕಿತ್ತು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇವರು ಚಾವಣಿ ನೋಡುತ್ತ, "ಗೊತ್ತಿತ್ತು" ಎಂದರು.

"ಏನು ಗೊತ್ತಿತ್ತು?"

"ಲಿಫ್ಟ್ ಮೇಲೆ ದಿನಾ ತೂರೋ ಸಂದಿ ಕಣೇ ಅದು. ಹೋದ ತಿಂಗಳಿಂದ ಹೊಟ್ಟೆ ಸಿಕ್ಕಿಹಾಕ್ಕೊಳ್ತಿದೆ. ಜೊತೆಯವನು ಕೈ ಹಿಡಿದು ಎಳೀತಾನೆ. ಬೆಳಿಗ್ಗೆ ನಿನ್ನ ಬಾಯಲ್ಲಿ ಆ ನಂಬರು ಕೇಳಿದ್ರೆ ಸಂಜೆ ತನಕ ಧೈರ್ಯ ಇರ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಸುಮ್ಮನಿದ್ರಾ? ಜೀವ ಅಂದ್ರೆ ಏನು ಹುಡುಗಾಟಾನಾ?" ಎಂದು ಆ ಕೋಣೆಯಲ್ಲೇ ಕಿರುಚಿದೆ. ಕಿರುಚಿದ ಮೇಲೆ ಗೊತ್ತಾಯಿತು, ಅದೇ ಪ್ರಶ್ನೆಗೆ ನಾನೂ ಉತ್ತರ ಕೊಡಬೇಕು. ಇವರು ಕೇಳಲಿಲ್ಲ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ಇದು ಕೊಬ್ಬಲ್ಲಮ್ಮಾ, ನೀರು. ಲಿವರ್ ಕೆಟ್ಟಿದೆ, ಅದಕ್ಕೆ ಹೊಟ್ಟೆಯೊಳಗೆ ನೀರು ತುಂಬಿದೆ. ಒಳಗೆ ರಕ್ತಕ್ಕೆ ದಾರಿ ಸಿಗ್ತಿಲ್ಲ, ಹಾಗಾಗಿ ಈ ನರಗಳು ಉಬ್ಬಿವೆ. ಇವತ್ತೇ ಅಡ್ಮಿಟ್ ಮಾಡಿ. ಯಾಕೆ ಹೀಗಾಯ್ತು ಅಂತ ಟೆಸ್ಟ್ ಮಾಡೋಣ."

"ನಾಲ್ಕು ತಿಂಗಳ ಹಿಂದೆ ಬಂದಿದ್ರೆ?" ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. ಆಮೇಲೆ, "ಆಗ ಇಷ್ಟು ಮುಂದೆ ಹೋಗಿರ್ತಿರಲಿಲ್ಲ" ಎಂದರು.

ಮಧ್ಯಾಹ್ನ ವಾರ್ಡಿನಲ್ಲಿ ಇವರ ಹೊಟ್ಟೆಯ ಪಕ್ಕಕ್ಕೆ ಸೂಜಿ ಚುಚ್ಚಿ ಸಣ್ಣ ನಳಿಕೆ ಹಾಕಿದರು. ತಿಳಿಹಳದಿ ನೀರು ಮಂಚದ ಕೆಳಗಿನ ಬಾಟಲಿಗೆ ಇಳಿಯತೊಡಗಿತು. ಒಂದು ತುಂಬಿತು, ನರ್ಸ್ ಇನ್ನೊಂದು ಇಟ್ಟಳು. ಅದೂ ತುಂಬಿತು. ಮಗಳು ಬಾಗಿಲ ಬಳಿ ಉಗುರು ಕಚ್ಚುತ್ತಾ ನಿಂತಿದ್ದಳು. ಇವರು ಆ ಕಡೆ ನೋಡದೆ, "ಎಷ್ಟು ಬಂತು?" ಎಂದರು.

ನರ್ಸ್ ಬಾಯಿ ತೆರೆದಳು.

"ನೀವು ಬೇಡಮ್ಮಾ. ಇವಳು ಹೇಳ್ಲಿ."

ಬಗ್ಗಿ ಬಾಟಲಿಗಳ ಗೆರೆ ನೋಡಿ ಲೆಕ್ಕ ಹಾಕಿದೆ. ಮೂರು ಎನ್ನಲು ನಾಲಿಗೆ ಅಭ್ಯಾಸಬಲದಿಂದ ಸಿದ್ಧವಾಗಿತ್ತು. ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ.

"ಐದೂವರೆ ಲೀಟರ್" ಎಂದೆ. "ಇನ್ನೂ ಬರ್ತಾನೇ ಇದೆ."

ಇವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ಹೆದರಿಕೆ ಆಗ್ತಿದೆ ಕಣೇ" ಎಂದರು. ಇಷ್ಟು ತಿಂಗಳಲ್ಲಿ ನಮ್ಮಿಬ್ಬರಲ್ಲಿ ಒಬ್ಬರೂ ಆಡದಿದ್ದ ಮಾತು ಅದು.

"ನನಗೂ ಕಣ್ರೀ" ಎಂದೆ.