ಭಂಗಿ ಬೆರೆತ ಹುಲ್ಲು

“ಇಳಿಯೇ ಮುಂಡೆ ಬಂಡಿಯಿಂದ! ಹುಲ್ಲಂತೆ ಹುಲ್ಲು! ಗಾಂಜಾ ಸಾಗಿಸ್ತೀಯಾ?”

ಧಣಿಯ ದೊಡ್ಡ ಬಣವೆಯ ಪಕ್ಕ, ಕೂಲಿಯವರೆದುರೇ, ಪೊಲೀಸ್ ಕ್ಯಾಪ್ಟನ್ ಬುರ್ಮಕಾನಳ ಹುಲ್ಲಿನ ಹೇರಿನಿಂದ ಭಂಗಿಯ ಕಡ್ಡಿಯೊಂದನ್ನು ಎಳೆದು ಅವಳ ಮೂಗಿಗೆ ಹಿಡಿದ. ಎರಡು ದೇಶಗಳ ಗಡಿಯಾದ ಚೂ ಹೊಳೆಯ ದಂಡೆಯಲ್ಲಿ ಭಂಗಿಯನ್ನು ಯಾರೂ ಬಿತ್ತಬೇಕಿಲ್ಲ, ಕಳೆಯಾಗಿ ತಾನೇ ಏಳುತ್ತದೆ. ಬೇಸಿಗೆಯೆಲ್ಲ ಧಣಿ ತುರ್ಗುನ್‌ಬೆಕ್‌ನ ಹುಲ್ಲು ಕೊಯ್ದವಳಿಗೆ ಕೂಲಿಯೂ ಹುಲ್ಲೇ. ಒಳ್ಳೆಯದೆಲ್ಲ ಧಣಿಯ ಬಣವೆಗೆ, ಹೊಳೆ ಅಂಚಿನ ಕಳೆ ಕೂಲಿಯವರಿಗೆ. ಹಾಳು ಪದ್ಧತಿ!

“ಧಣೀ, ಆ ಅಂಚು ಕೊಯ್ಕೊ ಅಂದೋರು ನೀವೇ ಅಲ್ವಾ? ಹೇಳಿ ಇವ್ರಿಗೆ.” ಬುರ್ಮಕಾನ್ ಬಣವೆ ಬಳಿ ನಿಂತಿದ್ದ ಧಣಿಯತ್ತ ತಿರುಗಿದಳು.

“ಕೊಯ್ಕೊ ಅಂದೆ. ಭಂಗಿ ತುಂಬ್ಕೊ ಅಂದ್ನಾ?” ತುರ್ಗುನ್‌ಬೆಕ್ ಬೂಟಿನ ಮಣ್ಣು ಕೊಡವಿದ.

“ಹೊಳೆಯಾಚೆ ನಿಮ್ಮ ಹೊಲದ ತುಂಬ ಇದೇ ಗಿಡ. ಎಣ್ಣೆ ತೆಗ್ದು ಸೀಸೇಲಿ ಮಾರ್ತೀರಲ್ಲ!”

“ಅಲ್ಲಿ ಕಾನೂನೇ ಬೇರೆ, ನನ್ ಹತ್ರ ಪರ್ಮಿಟ್ ಐತೆ. ನಿನ್ ಹತ್ರ ಏನೈತೆ, ಹರಕು ಲಂಗ?”

ಕ್ಯಾಪ್ಟನ್ ಹೊಟ್ಟೆ ಹಿಡಿದು ನಕ್ಕ.

ಬುರ್ಮಕಾನ್ ತನ್ನ ಹೇರಿನತ್ತ ನೋಡಿದಳು. ಆಚೆ ದಡದಲ್ಲಿ ನೀರಾವರಿ, ವರ್ಷಕ್ಕೆ ಮೂರು ಕೊಯ್ಲು. ಈಚೆ ಹುಲ್ಲಿಗೆ ಒಂದೇ. ಈ ಹೇರು ಹೋದರೆ ಚಳಿಗಾಲಕ್ಕೆ ಹಸು ಉಳಿಯದು. ಹಸು ಸತ್ತರೆ ತಾಯಿಯಿಲ್ಲದ ಮೊಮ್ಮಗುವಿಗೆ ಏನು ಕುಡಿಸುವುದು?

“ಕಾಲಿಗ್ ಬೀಳ್ತೀನಿ ಸಾಹೇಬ್ರೆ. ಇಲ್ಲೇ ಕುಂತು ಒಂದೊಂದೇ ಕಡ್ಡಿ ಆರಿಸಿ ಕೊಡ್ತೀನಿ.” ಅವಳು ಮಂಡಿಯೂರಿದಳು.

“ಒಂದ್ ಕಡ್ಡಿ ಸಿಕ್ರೂ ಇಡೀದು ಸುಡ್ಬೇಕು. ನೀನೇ ಹಚ್ಚು.” ಬೆಂಕಿಪೊಟ್ಟಣ ಅವಳ ಮುಖಕ್ಕೆ ಬಂದು ಬಿತ್ತು.

ಬುರ್ಮಕಾನ್ ಎದ್ದಳು. ಪೊಟ್ಟಣ ಮುಟ್ಟಲಿಲ್ಲ. ಹುಲ್ಲೆತ್ತುವ ಕವೆಗೋಲು ಎತ್ತಿಕೊಂಡು ತನ್ನ ಹುಲ್ಲನ್ನು ಧಣಿಯ ದೊಡ್ಡ ಬಣವೆಗೆ ಎಸೆಯತೊಡಗಿದಳು. ಎಸೆದಳು, ತಿವಿದಳು, ಒಳಗೊಳಗೆ ತುರುಕಿ ಕಲೆಸಿದಳು.

“ಅಯ್ಯಯ್ಯೋ, ಏನ್ ಮಾಡ್ತಿದೀಯೇ ಲೌಡಿ!” ಧಣಿ ಓಡಿ ಬಂದ.

“ಹತ್ರ ಬಂದ್ರೆ ಹೊಟ್ಟೆಗೆ ಇಳಿಸ್ತೀನಿ ಸೂಳೆಮಗ್ನೆ!” ಕವೆಗೋಲು ಅವನತ್ತ ತಿರುಗಿತು. “ಹಚ್ಚಿ ಸಾಹೇಬ್ರೆ. ಈಗ ಎರಡೂ ಒಂದೇ ಹುಲ್ಲು. ಹಚ್ರೀ!”

ಕ್ಯಾಪ್ಟನ್ ಧಣಿಯ ಮುಖ ನೋಡಿದ. ಬಗ್ಗಿ ಬೆಂಕಿಪೊಟ್ಟಣ ಎತ್ತಿ ಜೇಬಿಗಿಟ್ಟುಕೊಂಡ. ಆಮೇಲೆ ಹಿಂದಿನಿಂದ ಹೋಗಿ ಅವಳ ರಟ್ಟೆ ತಿರುಚಿ ಜೀಪಿನತ್ತ ದರದರನೆ ಎಳೆದ.

“ಏನ್ ನೋಡ್ತೀರ್ರೋ, ಭಂಗಿ ಆರಿಸ್ರೋ!” ಧಣಿ ಕೂಲಿಯವರ ಮೇಲೆ ಹರಿಹಾಯ್ದ. ಯಾರೂ ಬಗ್ಗಲಿಲ್ಲ.

“ಮಗು ಹಸ್ಕೊಂಡೈತೆ, ಯಾರಾದ್ರೂ ಹಾಲ್ ಕರೀರವ್ವಾ!” ಜೀಪು ಹೊರಟ ಮೇಲೂ ಅವಳ ಕೂಗು ಕೇಳುತ್ತಿತ್ತು.