ಬೀಳುವ ಅಕ್ಷರಗಳು

ರಾತ್ರಿ ಹನ್ನೆರಡೂವರೆಗೆ ಟಪ್ ಎಂದು ಸಣ್ಣ ಸದ್ದಾಯಿತು. ತುಸು ಬಿಟ್ಟು ಇನ್ನೊಮ್ಮೆ, ಟಪ್.

"ಏನೇ ಬಿತ್ತು?" ಪಕ್ಕದ ಕೋಣೆಯಿಂದ ಅಪ್ಪ ಕೇಳಿದರು.

"ಅಕ್ಷರ ಅಪ್ಪ. ನೀವು ಮಲ್ಕೊಳ್ಳಿ."

"ಎತ್ತಿಟ್ಟು ನೀನೂ ಮಲ್ಕೋ ತಾಯಿ. ಬೆಳಿಗ್ಗೆ ಯಾರಾದ್ರೂ ತುಳಿದುಬಿಟ್ಟಾರು."

ಸಿನಿಮಾದ ಆರಂಭದಲ್ಲಿ ಬರುವ ಹೆಸರುಗಳನ್ನು ಮಾಡಿಕೊಡುವುದು ಅವಳ ಕೆಲಸ. ಸ್ಟುಡಿಯೋದವರ ಬಾಯಲ್ಲಿ ಅವಳು ಟೈಟಲ್ ಅಕ್ಕ. ಆ ಹೆಸರುಗಳನ್ನು ಯಾರೂ ಓದುವುದಿಲ್ಲವೆಂದು ಅವಳಿಗೆ ಗೊತ್ತು. ಆದರೆ ಕಪ್ಪು ತೆರೆಯ ಮೇಲೆ ತೆಳ್ಳನೆಯ ಬಿಳಿ ಅಕ್ಷರ ನಡುಗಿದರೆ ಸಾಕು, ಜನ ಕಾಲು ಮುದುರಿಕೊಳ್ಳುತ್ತಾರೆ. ದುಂಡಗಿನ ಅಕ್ಷರ ಕುಣಿದರೆ ಬೆನ್ನು ಸಡಿಲ ಬಿಡುತ್ತಾರೆ. ಮುಂದಿನ ಎರಡು ಗಂಟೆ ಹೇಗೆ ಕೂರಬೇಕೆಂಬುದು ಆ ಎರಡು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ.

ಈ ಸಲ ಅವಳಿಗೆ ನೋಡಲು ಕೊಟ್ಟಿದ್ದು ಸಿನಿಮಾದ ಮೊದಲರ್ಧ ಮಾತ್ರ. ಮುಂಗೋಪಿ ಅಪ್ಪ, ಬಾಯಿಬಡುಕಿ ಮಗಳು, ಮನೆ ತುಂಬ ಜಗಳ. "ಟೈಟಲ್‌ಗೇ ಜನ ನಗ್ಬೇಕು ಅಕ್ಕ. ಹಳದಿ ಹಾಕಿ," ಎಂದಿದ್ದರು ನಿರ್ಮಾಪಕರು. ಅವಳು ಹಳದಿ ಹಾಕಿದಳು. ಪ್ರತಿ ಹೆಸರಿನ ಕೊನೆಯ ಅಕ್ಷರವೂ ಜಾರಿ, ಅಂಗಾತ ಬಿದ್ದು, ಟಪ್ ಎನ್ನುವಂತೆ ಮಾಡಿದಳು.

ಸೋಮವಾರ ನಲವತ್ತು ಜನರನ್ನು ಕೂರಿಸಿ ಸಿನಿಮಾ ತೋರಿಸಿದರು. ಅವಳು ಎಂದಿನಂತೆ ಹಿಂದೆ ನಿಂತು, ತೆರೆಯ ಬದಲು ಜನರ ಕತ್ತುಗಳನ್ನು ನೋಡುತ್ತಿದ್ದಳು. ಅಕ್ಷರ ಬಿದ್ದಾಗಲೆಲ್ಲ ನಗು. ನಿರ್ಮಾಪಕರು ಹಿಂತಿರುಗಿ ಹೆಬ್ಬೆರಳೆತ್ತಿ ತೋರಿಸಿದರು.

ಕೊನೆಯ ಭಾಗದಲ್ಲಿ ಆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದ. ಕೈಯಲ್ಲಿದ್ದ ಮಗ್ ಉರುಳಿಕೊಂಡು ಹೋಯಿತು. ಮತ್ತೆ ಏಳಲೇ ಇಲ್ಲ. ಇಡೀ ಹಾಲ್ ಗೊಳ್ಳೆಂದು ನಕ್ಕಿತು.

ಇದೇ ಮೊದಲ ಸಿನಿಮಾ ಆಗಿದ್ದ ನಿರ್ದೇಶಕಿ ಎದ್ದು ಹೊರಗೆ ಓಡಿದಳು. ಟೈಟಲ್ ಅಕ್ಕ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕುಕ್ಕರಿಸಿದ್ದಳು.

"ನಮ್ಮಪ್ಪ ಹೋಗಿದ್ದು ಹಾಗೇ ಅಕ್ಕ. ಅದಕ್ಕೋಸ್ಕರಾನೇ ಇಡೀ ಸಿನಿಮಾ ಮಾಡಿದ್ದು. ನಕ್ಕುಬಿಟ್ರಲ್ಲ... ಆ ಸೀನೇ ಕಿತ್ತು ಹಾಕ್ತೀನಿ. ನಂಗೆ ಈ ಕೆಲಸ ಬರಲ್ಲ."

"ಗುರುವಾರ ಬೇರೆ ಜನಕ್ಕೆ ಇನ್ನೊಂದು ಸಲ ತೋರಿಸ್ತಾರಲ್ಲ? ಅಲ್ಲೀವರೆಗೂ ಏನೂ ಕೀಳ್ಬೇಡ ಪುಟ್ಟಿ."

ಬಿದ್ದರೆ ನಗಬೇಕೆಂದು ಆ ನಲವತ್ತು ಜನಕ್ಕೆ ಎರಡು ನಿಮಿಷ ಕೂರಿಸಿ ಪಾಠ ಹೇಳಿಕೊಟ್ಟವಳು ತಾನೇ ಎಂಬುದು ಟೈಟಲ್ ಅಕ್ಕನಿಗೆ ಆಗಲೇ ಹೊಳೆದಿತ್ತು. ಬಾಯಿ ತೆರೆಯುವಷ್ಟರಲ್ಲಿ ನಿರ್ಮಾಪಕರು ಬಂದು, "ಟೈಟಲ್ ಒಂದಕ್ಕೆ ಮಾತ್ರ ಯಾರೂ ಕೈ ಹಚ್ಚಬೇಡಿ. ಅದೊಂದೇ ಗೆದ್ದಿರೋದು," ಎಂದರು.

ಎರಡು ದಿನ ಅನ್ನ ಸೇರಲಿಲ್ಲ. ಒಪ್ಪಿಗೆಯಾದ ಕೆಲಸವನ್ನು ಕದ್ದು ಬದಲಿಸುವುದು ಅವಳ ಜಾಯಮಾನಕ್ಕೆ ಒಗ್ಗದ ಮಾತು. ಆದರೂ ಬುಧವಾರ ಕೂತು ಬದಲಿಸಿದಳು. ಹಳದಿಯನ್ನು ಮುಟ್ಟಲಿಲ್ಲ, ನಿರ್ಮಾಪಕರಿಗೆ ಹಳದಿ ಕಂಡರೆ ತಮಾಷೆ ಕಂಡ ಹಾಗೆ. ಸದ್ದು ತೆಗೆದಳು. ಕೊನೆಯ ಅಕ್ಷರ ಈಗ ಬೀಳುವುದಿಲ್ಲ, ವಾಲುತ್ತದೆ. ಪಕ್ಕದ ಅಕ್ಷರ ಸರಿದು ಬಂದು ಹೆಗಲು ಕೊಡುತ್ತದೆ. ಅಷ್ಟೇ.

ಗುರುವಾರ ಟೈಟಲ್‌ಗೆ ಒಬ್ಬರೂ ನಗಲಿಲ್ಲ. ನಿರ್ಮಾಪಕರು, ನಿರ್ದೇಶಕಿ ಇಬ್ಬರೂ ತೆರೆಗೆ ಬೆನ್ನು ಹಾಕಿ ಜನರ ಮುಖಗಳನ್ನೇ ನೋಡುತ್ತಿದ್ದರು. ಜಗಳಗಳು ಶುರುವಾದರೂ ನಗುವಿಲ್ಲ. ಸಿನಿಮಾವನ್ನೇ ಕೊಂದುಬಿಟ್ಟೆನೇ ಎಂದು ಅವಳು ಮತ್ತೆ ಮತ್ತೆ ಗಡಿಯಾರ ನೋಡಿದಳು. ಎಂಟನೇ ನಿಮಿಷಕ್ಕೆ ಯಾರೋ ಕಿಸಕ್ಕೆಂದರು. ಆಮೇಲೆ ನಗು ತಾನಾಗಿ ಹಬ್ಬಿತು. ಬಚ್ಚಲಿನ ದೃಶ್ಯ ಬಂತು. ಅಪ್ಪ ಜಾರಿದ. ಮೂರನೇ ಸಾಲಿನ ದಢೂತಿ ಆಸಾಮಿಯೊಬ್ಬ ಹಿಡಿದುಕೊಳ್ಳಲು ಹೊರಟವನಂತೆ ಸೀಟಿನಿಂದ ಅರ್ಧ ಎದ್ದ. ಎಲ್ಲೂ ಪಿಟ್ಟೆನ್ನುವ ಸದ್ದಿಲ್ಲ.

ದೀಪ ಹತ್ತಿದ ಕೂಡಲೇ ನಿರ್ದೇಶಕಿ ಅವಳ ತೋಳು ಹಿಡಿದು ಅಲ್ಲಾಡಿಸಿಬಿಟ್ಟಳು. "ನೋಡಿದ್ರಾ ಅಕ್ಕ! ಮಗ್ ಉರುಳೋದನ್ನ ಅರ್ಧ ಸೆಕೆಂಡ್ ಕಮ್ಮಿ ಮಾಡ್ದೆ, ಅಷ್ಟೇ! ಅದೊಂದೇ ತಪ್ಪಾಗಿತ್ತು!"

"ಟೈಟಲ್‌ಗೆ ಯಾಕೋ ಇವತ್ತು ನಗಲೇ ಇಲ್ಲ," ಎಂದರು ನಿರ್ಮಾಪಕರು. "ಎಲ್ಲಿಂದ ಹಿಡ್ಕೊಂಡು ಬಂದ್ರೋ ಈ ಮಂಕು ಗಿರಾಕಿಗಳನ್ನ."

"ಹೌದು, ಸ್ವಲ್ಪ ಮಂಕೇ," ಎಂದಳು ಟೈಟಲ್ ಅಕ್ಕ.

ನಿರ್ದೇಶಕಿ ಆಗಲೇ ಫೋನಿನಲ್ಲಿದ್ದಳು. "ಅಮ್ಮಾ, ಯಾರೂ ನಗಲಿಲ್ಲ ಕಣೇ. ಒಬ್ಬರೂ ಇಲ್ಲ." ಆ ಅರ್ಧ ಸೆಕೆಂಡೇ ಕಾರಣವಿದ್ದರೂ ಇರಬಹುದು, ಯಾರು ಕಂಡರು? ಇಲ್ಲದಿದ್ದರೂ ತನ್ನಪ್ಪನ ಕೊನೆಯ ಗಳಿಗೆಯನ್ನು ತಾನೇ ಸರಿಪಡಿಸಿದೆನೆಂದು ಈ ಹುಡುಗಿ ನಂಬಿದ್ದಾಳೆ. ಅದನ್ನು ಅವಳಿಂದ ಕಿತ್ತುಕೊಳ್ಳುವಷ್ಟು ದೊಡ್ಡ ಕೆಲಸವೇನಲ್ಲ ತನ್ನದು. ಟೈಟಲ್ ಅಕ್ಕ ಬ್ಯಾಗನ್ನು ಹೆಗಲಿಗೇರಿಸಿದಳು. ಯಾರಿಗೂ ಹೇಳುವುದು ಬೇಡ.